ಬಾನೆಟ್ಟಿನ ಬೆಲ್ಟು

16-9-62, ಭಾನುವಾರ. ಭದ್ರಾವತಿ

ಹಾಸ್ಟೆಲ್ಲಿನಿಂದ ಬಂದರೆ ಈ ವಾರವೂ ಮಾವನ ಶೆಡ್ಡು. ಹಳೆಯ ಆಸ್ಟಿನ್ ಚಾಸಿ ಮೇಲೆ ತಗಡು ಬಡಿದು ಷಣ್ಮುಖಪ್ಪ ಮಾವ ತಾವೇ ಕಾರು ಕಟ್ಟುತ್ತಿದ್ದಾರೆ. ಈಗ ಎಂಜಿನ್ನಿನ ಎರಡು ಪಕ್ಕದ ಪ್ಯಾನೆಲ್ ಬಾಕಿ. ರಿಪೇರಿಗೆ ಕಳಚಲು ಬರಬೇಕು, ಓಡುವಾಗ ಕಳಚಬಾರದು. ಮೇಲೆ ಹುಕ್, ಕೆಳಗೆ ಸ್ಪ್ರಿಂಗ್. ಸಾಲದೆಂದು ಅಡ್ಡಲಾಗಿ ತೊಗಲ ಬೆಲ್ಟು ಬೇರೆ. ಜಟಕಾ ಕುದುರೆಗೆ ಬಿಗಿದ ಹಾಗೆ... ಹಾರಿಬಲ್. ಗೋವಿಂದನ ಹತ್ತಿರ ‘ಸ್ಪೋರ್ಟ್ಸ್ ಮಾಡೆಲ್’ ಅಂದುಬಿಟ್ಟಿದ್ದೇನೆ. ಕ್ಲಾಸಿಗೆಲ್ಲ ಹೇಳಿರುತ್ತಾನೆ.

7-10-62, ಆಯುಧಪೂಜೆ

ಕಾರಿಗೆ ವಿಭೂತಿ, ಚೆಂಡುಹೂವಿನ ಹಾರ. ವೀರಮ್ಮತ್ತೆ ಆರತಿ ತಟ್ಟೆ ಹಿಡಿದು ನಿಂತವರು ಬೆಲ್ಟು ನೋಡಿ ಹಿಂದೆ ಸರಿದರು. ಪೂಜೆಗೆ ತೊಗಲು ಕೂಡದು. ಮಾವ ನಕ್ಕು ಬಿಚ್ಚಿಕೊಟ್ಟರು.

‘ನಾಳೆ ಹೊರಡೋಕೆ ಮುಂಚೆ ಕಟ್ಟಿಬಿಡು ಮಾರಾಯ. ಮರೀಬೇಡ.’

ಬೆಲ್ಟಿಲ್ಲದೆ ಕಾರು ಎಷ್ಟು ಚೆನ್ನಾಗಿತ್ತು! ನಿಜವಾದ ಕಾರು.

9-10-62

ಬರೆಯಲೇಬೇಕು. 

ನಿನ್ನೆ ಬನ್ನಿ ಕೊಡಲು ಶಿವಮೊಗ್ಗೆಯ ನೆಂಟರಲ್ಲಿಗೆ ಹೊರಟೆವು. ಮಾವ, ನಾನು. ಗೋವಿಂದನ ಮನೆ ಅದೇ ಬೀದಿ. ಕಟ್ಟಿದೆಯಾ ಎಂದು ಮಾವ ಕೇಳಿದರು. ಹೂಂ ಅಂದೆ. ಹಾರ ಇನ್ನೂ ಬಾನೆಟ್ಟನ್ನು ಮುಚ್ಚಿಕೊಂಡಿತ್ತು, ಅವರು ಇಣುಕಲಿಲ್ಲ. ಬೆಲ್ಟು ಶೆಡ್ಡಿನಲ್ಲಿ, ಚೀಲದ ಕೆಳಗೆ. ಮರೆತದ್ದಲ್ಲ.

ಮಲವಗೊಪ್ಪದ ಹತ್ತಿರ ಲಾರಿಯೊಂದು ಎದುರಾಯಿತು. ಗುಂಡಿಗೆ ಚಕ್ರ ಬಿತ್ತು. ಸ್ಪ್ರಿಂಗ್ ಎಗರಿ ಎಡಗಡೆ ಪ್ಯಾನೆಲ್ ಹಾರಿತು. ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹಾಲಿನ ಪುಟ್ಟಯ್ಯನ ಮುಂಗೈಗೆ ಬಡಿಯಿತು. ಮೂಳೆ ಮುರಿದಿದೆ. ಅದೇ ಕಾರಿನಲ್ಲಿ ಶಿವಮೊಗ್ಗೆಯ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ವರಾಂಡದಲ್ಲಿ ಮಾವ ಕೇಳಿದರು. ‘ಬೆಲ್ಟು ಎಲ್ಲೋ?’

‘ಅತ್ತೆ ಬೇಡ ಅಂದ್ರು ಮಾವ. ಹಬ್ಬ ಮುಗಿಯೋ ತನಕ ತೊಗಲು ಬೇಡ ಅಂತ.’

ಬಾಯಿಂದ ತಾನಾಗಿ ಬಂತು. ಅಷ್ಟು ಸಲೀಸಾಗಿ —

10-10-62

ಮಾವ ಅತ್ತೆಯನ್ನು ಕೇಳಿಯೇ ಬಿಟ್ಟರು, ನನ್ನೆದುರೇ. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದರು.

‘ಹೌದೂರಿ. ನಾನೇ ಬೇಡ ಅಂದೆ.’

ಮಾವ ಬಟ್ಟಲು ಸರಿಸಿ ಎದ್ದರು. ನಾನು ಊಟ ಮುಗಿಸಿದೆ. ಹೇಗೆ ಇಳಿಯಿತೋ.

21-10-62. ಹಾಸ್ಟೆಲ್, ಶಿವಮೊಗ್ಗ

ಎಲ್ಲರೂ ರೇಡಿಯೋ ಮುಂದೆ. ಚೀನಾ ಗಡಿಯ ಸುದ್ದಿ. ನನ್ನ ಕಿವಿಗೆ ಏನೂ ಹೋಗಲಿಲ್ಲ.

ಬೆಳಿಗ್ಗೆ ಆಸ್ಪತ್ರೆ ಕಡೆ ಹೋಗಿದ್ದೆ. ಪುಟ್ಟಯ್ಯನ ಮಂಚದ ಹತ್ತಿರ ಅತ್ತೆ! ಭದ್ರಾವತಿಯಿಂದ ಬಸ್ಸಿನಲ್ಲಿ ರೊಟ್ಟಿಬುತ್ತಿ ತಂದು, ತುತ್ತು ಮುರಿದು ಕೊಡುತ್ತಿದ್ದರು. ಅವನ ಬಲಗೈಗೆ ಕಟ್ಟು ಹಾಕಿದೆಯಲ್ಲ. ‘ನನ್ನ ಮಡಿಯಿಂದ ಹಿಂಗಾಯ್ತು ಕಣಪ್ಪ’ ಅಂದದ್ದು ಬಾಗಿಲವರೆಗೂ ಕೇಳಿತು. ಒಳಗೆ ಹೋಗಲಿಲ್ಲ. ಓಡಿಬಂದೆ. ಇಂಥ ಹೇಡಿ ನಾನು.

ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲ್ಲಿನವನು. ವಾರ್ಡನ್ ಗದರಿದರೆ ಪಕ್ಕದವನತ್ತ ಬೆರಳು ತೋರಿಸುವುದು ಅಲ್ಲೇ ಅಭ್ಯಾಸವಾಯಿತು ಎಂದುಕೊಂಡೆ. ಅದೂ ಒಂದು ನೆಪ. ಇನ್ನೊಬ್ಬರ ಮೇಲೇ ಹಾಕುತ್ತಿದ್ದೇನೆ, ಈಗಲೂ.

4-11-62. ಭದ್ರಾವತಿ

ಮಾವ ಕಾರು ಬಿಚ್ಚುತ್ತಿದ್ದರು. ಬಾಗಿಲು ಆಗಲೇ ಕಳಚಿ ಗೋಡೆಗೆ ಒರಗಿಸಿದ್ದರು. ಪುಟ್ಟಯ್ಯ ಮನೆಗೆ ಹೋದನಂತೆ, ಕೈ ಪೂರ್ತಿ ಮಡಚಲು ಬರುವುದಿಲ್ಲವಂತೆ. ಇಷ್ಟೇ ಹೇಳಿದರು. ಮನೆಯಲ್ಲಿ ಅತ್ತೆಯ ಜೊತೆ ಮಾತು ಬಿಟ್ಟು ತಿಂಗಳಾಗುತ್ತ ಬಂದಿದೆ. ಏನು ಬೇಕಾದರೂ ಗೋಡೆಗೆ ಹೇಳುತ್ತಾರೆ, ಅತ್ತೆ ತಂದಿಡುತ್ತಾರೆ.

ಸ್ಪ್ಯಾನರ್ ಎತ್ತಿಕೊಡುತ್ತ ಹೇಳಿಬಿಟ್ಟೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಕನ್ನಡಕ್ಕೇ ಬಂದೆ.

‘ಅತ್ತೆ ಬೇಡ ಅನ್ನಲಿಲ್ಲ ಮಾವ. ನಾನೇ ಕಟ್ಟಲಿಲ್ಲ. ಕಾರು ಚಂದ ಕಾಣ್ಲಿ ಅಂತ.’

ಹೊಡೆಯಲಿಲ್ಲ. ಬೈಯಲೂ ಇಲ್ಲ. ಗ್ರೀಸ್ ಕೈಯಲ್ಲೇ ನಡುಮನೆಗೆ ಹೋಗಿ ಚಾಪೆಯ ಮೇಲೆ ಕೂತರು.

‘ಇವಳೇ, ಒಂದು ಲೋಟ ನೀರು ಕೊಡು.’

ಅತ್ತೆ ಲೋಟ ತಂದರು. ಅತ್ತೆಯ ಕೈ ತುಂಬ ಹೊತ್ತು ಲೋಟದ ಮೇಲೇ ಇತ್ತು. ಆಮೇಲೆ ಶೆಡ್ಡಿನ ಕಡೆ, ಅದರ ಬಾಗಿಲಲ್ಲಿ ನಿಂತ ನನ್ನ ಕಡೆ, ಒಮ್ಮೆ ನೋಡಿದರು...

ಈಗ ಊಟಕ್ಕೆ ಕರೆಯುತ್ತಿದ್ದಾರೆ. ಅತ್ತೆಯೇ ಕರೆಯುತ್ತಿರುವುದು. ಯಾವ ಮುಖ ಹೊತ್ತು ಆ ಎಲೆಯ ಮುಂದೆ —