ಒಂದೇ ಬುತ್ತಿಯವರು

ಮಾರ್ಚ್ ೧೪, ಗುರುವಾರ

ಪ್ರೀತಿಯ ಗೊರಕೆರಾಯ,

ಹೇಗಿದ್ದೀಯೋ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈಯುವುದಾದರೆ ಬೈದುಬಿಡು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಇವತ್ತು ಬರೆಯಲು ಕೂತದ್ದು ಮಗಳಿಂದಾಗಿ. ಅವಳೀಗ ಇಂಗ್ಲಿಷ್ ಟೀಚರ್. ನಮ್ಮ ಮಿಲ್ಲಿಗೆ ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಮೆಕ್ಯಾನಿಕ್ ನೆನಪಿದ್ದಾನಲ್ಲ, ನಮ್ಮಿಬ್ಬರನ್ನೂ "ಮೇಟ್, ಮೇಟ್" ಎಂದು ಕೂಗುತ್ತಿದ್ದವನು? ಊಟದ ಹೊತ್ತಿನಲ್ಲಿ ಅವನ ಸುದ್ದಿ ತೆಗೆದೆ. "ಅಪ್ಪಾ, ಅದು ಗೆಳೆಯ ಅನ್ನೋದಕ್ಕೆ ಸಲಿಗೆ ಮಾತು," ಎಂದಳು. "ಎಲ್ಲಿಂದ ಬಂತು ಗೊತ್ತಾ? ಬಹಳ ಹಿಂದೆ ಅದಕ್ಕೆ ಜೊತೇಲಿ ಕೂತು ಉಣ್ಣೋನು ಅಂತ ಅರ್ಥ ಇತ್ತಂತೆ. ಅನ್ನ ಹಂಚ್ಕೊಂಡೋನು." ಎತ್ತಿದ ತುತ್ತು ಕೈಯಲ್ಲೇ ಉಳಿಯಿತು ಕಣೋ.

ಹನ್ನೊಂದು ವರ್ಷ ನಾವು ಹತ್ತಿ ಹಿಂಜುವ ವಿಭಾಗದ ಕಿಟಕಿಯ ಕೆಳಗೆ, ಮೂಟೆಯ ಮೇಲೆ ಕೂತು, ಒಂದೇ ಬುತ್ತಿ ತಿಂದೆವು. ಒಂದು ದಿನ ನಿನ್ನ ಮನೆಯದು, ಒಂದು ದಿನ ನನ್ನದು. ನನ್ನವಳ ಅಡುಗೆಗೆ ಉಪ್ಪು ಸಾಲದೆಂದು ನೀನು ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಬರುತ್ತಿದ್ದೆ, ಕಳ್ಳ!

ಆಮೇಲೆ ನಿನಗೆ ಕೆಮ್ಮು ಹಿಡಿಯಿತು. ನಾನು ಬೇರೆ ಡಬ್ಬಿ ತಂದೆ. ಹೊಟ್ಟೆ ಸರಿಯಿಲ್ಲ, ಪಥ್ಯ ಎಂದೆ. ಸುಳ್ಳು. ನಿನ್ನ ಕೆಮ್ಮೆಂದರೆ ನನಗೆ ಭಯ. ಮಗಳು ಆಗಿನ್ನೂ ಎಳೆಗೂಸು. ನಿನಗದು ಗೊತ್ತಾಗಿತ್ತು. "ಹುಷಾರಾಗೋವರ್ಗೂ ಪಥ್ಯ ಬಿಡ್ಬೇಡ ಮಾರಾಯ," ಎಂದು ನೀನೇ ಮೂಟೆಯ ಆ ತುದಿಗೆ ಸರಿದು ಕೂತೆ. ಅದು ಹತ್ತಿಯ ಧೂಳಿನ ಕೆಮ್ಮು, ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದ ಮೇಲೂ ನಾನು ಡಬ್ಬಿಯನ್ನು ನಿನ್ನತ್ತ ಸರಿಸಲಿಲ್ಲ. ಇಪ್ಪತ್ತಾರು ವರ್ಷದಿಂದ ಇದು ನನ್ನನ್ನು ಕೊರೆಯುತ್ತಿದೆ. ನಾಚಿಕೆಯಾಗುತ್ತದೆ.

ಈ ವಾರ ಬಿಟ್ಟು ಮುಂದಿನ ಭಾನುವಾರ ಬರುತ್ತೇನೆ. ಒಂದೇ ತಟ್ಟೆಯಲ್ಲಿ ಉಣ್ಣೋಣ. ಬೇಡ ಅನ್ನಬೇಡ.

ಅತ್ತಿಗೆಗೆ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ. ನಿನ್ನ ಆಯಸ್ಸು ಗಟ್ಟಿಯಾಗಿರಲಿ.

ನಿನ್ನ,
ಕುಳ್ಳ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಓದಿದ ಮೇಲೇ ಭಾನುವಾರದ ಮಾತು ತೀರ್ಮಾನಿಸು. ಆ ಕೆಮ್ಮಿನ ದಿನಗಳಲ್ಲಿ ನಮ್ಮ ವಿಭಾಗದಿಂದ, ನೀನು ಒಂಟಿಯಾಗಿ ಕೊಳೆತ ಆ ಗೋದಾಮಿಗೆ ನಿನ್ನನ್ನು ಎತ್ತಿ ಹಾಕಿದ್ದು ಸೂಪರ್‌ವೈಸರ್ ಎಂದು ಈಗಲೂ ಶಾಪ ಹಾಕುತ್ತೀಯ. ನಾನೂ ಹೂಂಗುಟ್ಟುತ್ತಾ ಬಂದಿದ್ದೇನೆ. ಆತನ ತಪ್ಪಿಲ್ಲ. ಆತನ ಕೋಣೆಗೆ ಹೋಗಿ, "ಅವನ ಪಕ್ಕ ನಿಲ್ಲೋಕೆ ನನ್ ಕೈಲಿ ಆಗಲ್ಲ ಸಾರ್, ಅವನ್ನ ಬೇರೆ ಕಡೆ ಹಾಕಿ," ಎಂದು ಕೈಮುಗಿದವನು ನಾನು. "ನೀವಿಬ್ರೂ ಅಣ್ಣತಮ್ಮಂದಿರ ಥರ ಅಲ್ವೇನೋ?" ಎಂದು ಆತ ಕೇಳಿದ.

"ಇಲ್ಲ ಸಾರ್," ಎಂದೆ. "ಸುಮ್ನೆ ಜೊತೇಲಿ ಕೆಲ್ಸ ಮಾಡೋರು, ಅಷ್ಟೇ."