ಕೊಕ್ಕರೆಯ ನಡಿಗೆ

ಹರಾಜು ಮಳಿಗೆ,
ಗುರುವಾರ ಬೆಳಿಗ್ಗೆ

ಪ್ರೀತಿಯ ಕೊಕ್ಕರೆ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಮೊನ್ನೆಯ ಬೀದಿನಾಟಕಕ್ಕೆ ಆದ ಖರ್ಚು: ಹರಾಜಿನಲ್ಲಿ ಯಾರೂ ಕೂಗದೆ ಉಳಿದಿದ್ದ ಒಂದು ಜೊತೆ ಕಪ್ಪು ಪರದೆ, ಮರಗಾಲಿಗೆಂದು ಮುರುಕು ಮಂಚದಿಂದ ಕಳಚಿದ ಎರಡು ಉದ್ದ ಕಂಬ, ನನ್ನ ಮಗಳು ತಪ್ಪಿಸಿಕೊಂಡ ಒಂದು ಪರೀಕ್ಷೆ, ನನ್ನ ಗಂಟಲು, ಮತ್ತೆ ನೀನು ಕೊಡುತ್ತೇನೆ ಎಂದಿದ್ದ ಆ ಒಂದು ಸಾಲು. ಕೊನೆಯದೇ ದುಬಾರಿಯದು ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಎಷ್ಟೋ ವರ್ಷಗಳಾದ ಮೇಲೆ ಲಕೋಟೆಯೊಂದರಲ್ಲಿ ನಿನ್ನ ಕೈಬರಹ ಕಂಡಾಗ, ಒಡೆಯುವ ಮೊದಲು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ. ಹೊಸ ವರ್ಷಕ್ಕೆ ನಿನ್ನ ಆಫೀಸಿನಿಂದ ಬರುವ ಕಾರ್ಡುಗಳಲ್ಲಿ ಸಹಿಯೂ ಅಚ್ಚಿನದೇ. ಇದರಲ್ಲಿ ಮಾತ್ರ ನಿನ್ನ 'ಕ' ಮೊದಲಿನ ಹಾಗೇ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಓದುವ ತನಕ ಖುಷಿಯಾಗಿದ್ದೆ ಅನ್ನು.

ನೀನು ಬರೆದದ್ದು ನೇರವಾಗಿಯೇ ಇತ್ತು. ಹಳೆಯ ಮಾರುಕಟ್ಟೆಗಳನ್ನೆಲ್ಲ ಕಟ್ಟಡ ಕಂಪನಿಗಳಿಗೆ ಗುತ್ತಿಗೆ ಕೊಡುವ ಮಸೂದೆ ಬರುತ್ತಿದೆ, ನನ್ನ ಮಳಿಗೆಯೂ ಆ ಜಾಗದಲ್ಲಿದೆ, ಕಂಪನಿಯ ಪರವಾಗಿ ಮಂತ್ರಿಗಳ ಜೊತೆ ಮಾತಾಡುತ್ತಿರುವವಳು ನೀನು. ನನ್ನ ಮಗಳು ಮತ್ತು ಅವಳ ಗೆಳೆಯರು ಶಾಸನಸಭೆಯ ಎದುರು ಅದನ್ನೇ ನಾಟಕ ಮಾಡಲು ಹೊರಟಿದ್ದಾರೆ, ಅದರಲ್ಲಿ ಲಾಬಿ ಮಾಡುವವಳ ಪಾತ್ರ ನಿನ್ನ ಹಾಗೇ ನಡೆಯುತ್ತದೆ, ನಿನ್ನ ಹಾಗೇ ಕತ್ತು ಕೊಂಕಿಸುತ್ತದೆ ಅಂತ ಯಾರೋ ನಿನಗೆ ತಾಲೀಮಿನ ವಿಡಿಯೋ ತೋರಿಸಿದ್ದಾರೆ. ಆ ಪಾತ್ರವನ್ನು ತೆಗೆಸಿದರೆ 'ಹರಾಜು ಮಳಿಗೆಗಳನ್ನು ಹೊರತುಪಡಿಸಿ' ಅನ್ನುವ ಒಂದು ಸಾಲನ್ನು ಮಸೂದೆಗೆ ಸೇರಿಸಿಸುತ್ತೇನೆ ಅಂತ ನೀನು ಬರೆದಿದ್ದೆ. ಬೇರೆಯವರಿಗೆ ಅದು ಬೆಟ್ಟ ಅಗೆಯುವ ಕೆಲಸ. ನಿನಗೆ ಅಂಗಿಗೆ ಗುಂಡಿ ಹೊಲಿದಷ್ಟು ಸಲೀಸು. ನಾಟಕದಲ್ಲಿ ಆ ಮಕ್ಕಳು ಹೇಳುತ್ತಿದ್ದದ್ದೂ ಅದನ್ನೇ ಅಲ್ಲವೇನೇ?

ಮಗಳಿಗೆ ಆ ನಡಿಗೆ ಎಲ್ಲಿಂದ ಬಂತು ಅಂತ ಕೇಳಿದ್ದೀಯ. ನಾನೇ ಕಲಿಸಿದ್ದು, ಇನ್ನೆಲ್ಲಿಂದ ಬರುತ್ತದೆ? ಮರಗಾಲು ಕಟ್ಟಿಕೊಂಡು ಗೋಡೆ ಹಿಡಿದು ತಡವರಿಸುತ್ತಿದ್ದಳು. ನೋಡಲಾಗಲಿಲ್ಲ. ಅಳತೆ ಮಾಡದೆ ಹೆಜ್ಜೆ ಇಡು, ಸೊಂಟ ಸಡಿಲ ಬಿಡು, ಗಲ್ಲ ಮುಂದೆ, ಕೈ ಹಿಂದೆ ಅಂತ ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಾ ಕುರ್ಚಿ, ಬೀರು, ಕನ್ನಡಿಗಳ ನಡುವೆ ನಮ್ಮ ನಾಟಕದ ದಿನಗಳ ನೀನೇ ಬಂದು ನಡೆಯತೊಡಗಿದೆ. ನಿನ್ನನ್ನು ಅಣಕಿಸಬೇಕು ಅಂತ ಕಲಿಸಿದ್ದಲ್ಲ. ಆ ಸಂಜೆ ಮಳಿಗೆ ಮುಚ್ಚಲು ಮನಸ್ಸೇ ಬರಲಿಲ್ಲ, ಅಷ್ಟೆ.

ನೆನಪಿದೆಯಾ, ನಮ್ಮ ಕಾಲದ ಬಸ್ಸಿನ ಮಸೂದೆ? ಬಸ್ಸಿನ ಮಾಲೀಕರೇ ಬರೆದುಕೊಟ್ಟ ಕಾನೂನನ್ನು ಮಂತ್ರಿ ತನ್ನದು ಅಂತ ಓದಿದ್ದ. ನಾವು ಸ್ಟೂಲುಗಳ ಮೇಲೆ ಮೂವರು ಹುಡುಗರನ್ನು ಮಂತ್ರಿಗಳು ಅಂತ ಕೂರಿಸಿ, ಅವರಿಗೆ ರಟ್ಟಿನ ಕಿವಿ ಅಂಟಿಸಿದೆವು. ಮೈದಾ ಅಂಟು ಒಣಗದೆ ಕಿವಿಗಳು ಒಂದೊಂದಾಗಿ ಜಾರಿ ಬೀಳುತ್ತಿದ್ದವು. ಜನ ಅದನ್ನೂ ನಾಟಕ ಅಂದುಕೊಂಡರು. ನೀನು ಮರಗಾಲ ಮೇಲಿಂದ ಕೊಕ್ಕರೆಯ ಹಾಗೆ ಬಾಗಿ, ದೊಡ್ಡ ಲಾಳಿಕೆ ಇಟ್ಟು ಅವರ ಕಿವಿಗೆ ಏನೋ ಸುರಿಯುತ್ತಿದ್ದೆ. ನಾನು ಒಂದು ಡಬ್ಬದ ಮೇಲೆ ನಿಂತು ಕಾನೂನಿನ ಸಾಲುಗಳನ್ನು ಬಸ್ಸಿನ ಸಮೇತ ಹರಾಜು ಕೂಗುತ್ತಿದ್ದೆ, 'ಒಂದು ಸಲ, ಎರಡು ಸಲ' ಅಂತ. ಒಬ್ಬ ಮನುಷ್ಯ ನಿಜವಾಗಲೂ ನುಗ್ಗಿಕೊಂಡು ಬಂದು, ಬಸ್ಸು ಬೇಡ, ಟೈರು ಮಾತ್ರ ಬಿಡಿಯಾಗಿ ಕೊಡುತ್ತೀರಾ ಅಂತ ಕೇಳಿದ. ನನ್ನ ಹೊಟ್ಟೆಪಾಡಿನ ದಾರಿ ತೆರೆದುಕೊಂಡದ್ದು ಆ ಕ್ಷಣದಲ್ಲಿ. ಇಲ್ಲದ ಬಸ್ಸಿಗೇ ಗಿರಾಕಿ ಬರುತ್ತಾನೆ ಅಂದರೆ, ಇರುವ ಮೇಜಿಗೆ ಬರದೆ ಇರುತ್ತಾನಾ?

ಅವತ್ತು ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಬಸ್ ಮಾಲೀಕರ ಮನುಷ್ಯ. ನಕ್ಕು ನಕ್ಕು ಕಣ್ಣೊರೆಸಿಕೊಂಡು ನಿನ್ನ ಕೈಗೊಂದು ಕಾರ್ಡು ಕೊಟ್ಟ. ಒಳಗೆ ಹೇಗೆ ನಡೆಯುತ್ತದೆ ನೋಡಿಕೊಂಡು ಬರುತ್ತೇನೆ, ಮುಂದಿನ ನಾಟಕಕ್ಕೆ ಬೇಕಾಗುತ್ತದೆ ಅಂತ ನೀನು ಹೋದೆ. ಆಮೇಲೆ ಒಳಗಿದ್ದೇ ಸರಿಮಾಡುತ್ತೇನೆ ಅಂದೆ. ನಾವು ಜಗಳ ಆಡಲೇ ಇಲ್ಲ ನೋಡು. ಆಡಿದ್ದರೆ ರಾಜಿಯಾದರೂ ಆಗುತ್ತಿತ್ತು.

ಇರಲಿ. ಮೊನ್ನೆಯ ವಿಷಯಕ್ಕೆ ಬರುತ್ತೇನೆ. ಗಂಟಲು ಹೇಗೆ ಹೋಯಿತು ಅಂದರೆ, ಹರಾಜು ಕೂಗಬೇಕಿದ್ದ ಹುಡುಗ ಜನರನ್ನು ಕಂಡು ತೊದಲತೊಡಗಿದ. ನಾನು ಬರೀ ನೋಡಲು ಹೋದವಳು, ತಡೆಯಲಾರದೆ ಕಲ್ಲಿನ ಕಟ್ಟೆ ಹತ್ತಿಬಿಟ್ಟೆ. ಈ ವಯಸ್ಸಿನಲ್ಲಿ ಮಾರುಕಟ್ಟೆಯನ್ನೇ ಮೂರು ಸಲ ಮಾರಿದೆ. ಮಗಳು ಕಪ್ಪು ಪರದೆಯ ಕೋಟು ತೊಟ್ಟು, ಶಾಸನಸಭೆಯ ಗೇಟಿನ ಎತ್ತರಕ್ಕೆ ಕತ್ತು ಚಾಚಿಕೊಂಡು ಆ ಕಡೆಯಿಂದ ಈ ಕಡೆ ತೇಲುತ್ತಿದ್ದಳು.

ಅಷ್ಟರಲ್ಲಿ ಪೇದೆ ಬಂದ. ಕೆಟ್ಟವನಲ್ಲ, ಬಿಸಿಲಿಗೆ ಬೆಂದವನು. ಅಲ್ಲೇ ನಿಲ್ಲು, ಒಂದು ಹೆಜ್ಜೆ ಇಟ್ಟರೆ ಒಳಗೆ ಹಾಕುತ್ತೇನೆ ಅಂದ. ಈಗಿನ ಮಕ್ಕಳು ನಮ್ಮ ಹಾಗಲ್ಲ, ಪೊಲೀಸರು ಏನು ಹೇಳಿದರೂ ಎದುರಾಡದೆ ಪಾಲಿಸಬೇಕು ಅಂತ ತಮಗೆ ತಾವೇ ನಿಯಮ ಮಾಡಿಕೊಂಡಿದ್ದರು. ಯಾರೂ ಬೆರಳು ತೋರಿಸಬಾರದಲ್ಲ! ಹಾಗಾಗಿ ನನ್ನ ಜಾಣ ಮಗಳು ನಿಂತೇಬಿಟ್ಟಳು. ಮರಗಾಲ ಮೇಲೆ ನಿಂತವರು ಬೀಳುತ್ತಾರೆ, ಕಾಲು ಆಡಿಸುತ್ತಲೇ ಇರಬೇಕು ಅಂತ ಆ ಪೇದೆಗೆ ಹೇಗೆ ಗೊತ್ತಿರಬೇಕು? ಅವಳಿಗೆ ಗೊತ್ತಿತ್ತು, ಆದರೂ ನಿಂತಳು. ಮೊದಲು ಕೋಟು ಓಲಾಡಿತು, ಆಮೇಲೆ ಅವಳು. ಕೆಳಗೆ ಕಬ್ಬಿಣದ ಬೇಲಿಯ ಚೂಪು ತುದಿಗಳು. ನಾನು ಕಟ್ಟೆಯ ಮೇಲೆ, ಹರಾಜು ಕೂಗಿ ಕೂಗಿ ದನಿ ಆಗಲೇ ಹೋಗಿತ್ತು.

ಪೇಪರ್ ಮಾರುವವನ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದವಳು ನೀನು ಅಂತ ನನಗೆ ಗೊತ್ತಾದದ್ದು ನೀನು ಓಡತೊಡಗಿದ ಮೇಲೆ. ಕನ್ನಡಕ ಎಲ್ಲೋ, ಚಪ್ಪಲಿ ಎಲ್ಲೋ. ಮರಗಾಲಿಗೆ ಹೆಗಲು ಕೊಟ್ಟು, ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ. ಆಮೇಲೆ ಆ ಹಳೆಯ ದನಿ ಕೇಳಿಸಿತು:

"ನಿಲ್ಲಬೇಡ ಮಗಾ, ನಿಂತ್ರೆ ಬೀಳ್ತೀಯ. ಕೆಳಗೆ ನೋಡ್ಬೇಡ. ಇದ್ದಲ್ಲೇ ಹೆಜ್ಜೆ ಹಾಕು, ನಾನಿದ್ದೀನಿ."

ಪೇದೆಯ ಕಡೆ ತಿರುಗಿ ನೀನು ಇನ್ನೂ ಏನೋ ಅಂದೆ, ಅದನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಲಾಬಿಯನ್ನು ಲಾಬಿಯೇ ಹೊತ್ತು ನಿಂತದ್ದು ಅಂತ ತಿಳಿಯದೆ, ಅದೇ ನಾಟಕದ ಕೊನೆಯ ದೃಶ್ಯ ಅಂದುಕೊಂಡರು. ಮಗಳು ಕೆಳಗಿಳಿದ ಮೇಲೆ ಕೇಳಿದ್ದು, ಆ ಆಂಟಿ ಯಾರಮ್ಮ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಕ್ಟ್ ಮಾಡಿದರಲ್ಲ ಅಂತ.

ಪತ್ರಿಕೆಯವರು ಅಷ್ಟು ದಡ್ಡರಲ್ಲ. ಫೋಟೋದ ಕೆಳಗೆ ನೀನು ಯಾರು, ಯಾವ ಕಂಪನಿಯವಳು ಎಲ್ಲಾ ಇತ್ತು. ಫೋಟೋ ಬಂದ ದಿನ ಮಧ್ಯಾಹ್ನವೇ ಮಂತ್ರಿ ಗುಲ್ಲಿಗೆ ಹೆದರಿ ಮಸೂದೆಯನ್ನು ಸಮಿತಿಗೆ ಕಳಿಸಿ ಕೈತೊಳೆದುಕೊಂಡ, ನಿನ್ನ ಕಂಪನಿ ನಿನ್ನನ್ನು ಮನೆಗೆ ಕಳಿಸಿ ಕೈತೊಳೆದುಕೊಂಡಿತು. ನಿನ್ನ ಆಫೀಸಿಗೆ ಫೋನು ಮಾಡಿದೆ, ಅವರು ಇಲ್ಲಿಲ್ಲ ಅಂದರು. ಹೋಗಿದ್ದಾರೆ ಅಂತ ಹೇಳಲಿಲ್ಲ, ಇಲ್ಲಿಲ್ಲ ಅಂತ ಅಷ್ಟೆ. ಅದಕ್ಕೇ ಈ ಕಾಗದ ಮನೆ ವಿಳಾಸಕ್ಕೆ.

ನಿನಗೆ ಥ್ಯಾಂಕ್ಸ್ ಹೇಳುವ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ. ಭಾನುವಾರ ಮಳಿಗೆಗೆ ಬಾ. ಹೆಗಲು ಊದಿಕೊಂಡಿದ್ದರೆ ಎಣ್ಣೆ ಹಚ್ಚುತ್ತೇನೆ. ಆಡದೇ ಬಿಟ್ಟ ಜಗಳವೂ ಒಂದಿದೆ, ಅದನ್ನೂ ಮುಗಿಸೋಣ.

ಇಂತಿ,
ನಿನ್ನ ಬಾಯಿಬಡುಕಿ

ತಾ.ಕ. ನಿನ್ನ ಸಾಲನ್ನು ನಾನು ಧೈರ್ಯವಾಗಿ ತಿರಸ್ಕರಿಸಿದೆ ಅಂತ ನೀನು ತಿಳಿದಿರಬಹುದು, ಅದಕ್ಕೇ ನೋಡಲು ಬಂದಿರಲೂಬಹುದು. ಹಾಗಾಗಲಿಲ್ಲ. ಕಾಗದ ಓದಿದ ಮರುದಿನವೇ ಮಗಳನ್ನು ಕೂರಿಸಿಕೊಂಡು, ಕೊಕ್ಕರೆಯ ಪಾತ್ರ ಬಿಟ್ಟುಬಿಡೇ, ಉಳಿದದ್ದೇ ಸಾಕು ಅಂದೆ. ಕಾರಣ ಹೇಳಲಿಲ್ಲ. ಅವಳು ನನ್ನ ಮುಖ ನೋಡಿ, "ಎಷ್ಟಕ್ಕೆ ಹೋದೆ ಅಮ್ಮಾ?" ಅಂದಳು. ಹರಾಜಿನವಳ ಮಗಳಲ್ಲವಾ. ನಾನು ಬೀರು ಒರೆಸಲು ಎದ್ದೆ, ಅವಳು ಪಾತ್ರ ಬಿಡಲಿಲ್ಲ. ಹಾಗಾಗಿ ನೀನೂ ನಾನೂ ಒಂದೇ ತಕ್ಕಡಿ, ಬರುವಾಗ ಮುಖ ತಗ್ಗಿಸಿಕೊಂಡು ಬರಬೇಡ.

ಯಾರಿಗೆ ಏನು ದಕ್ಕಿತು ಅಂದರೆ: ಮಂತ್ರಿಗೆ ಮುಂದಿನ ಅಧಿವೇಶನದ ತನಕ ನೆಮ್ಮದಿ. ಕಂಪನಿಗೆ ನಿನ್ನ ಜಾಗಕ್ಕೆ ಹೊಸಬ, ಬಂದೂ ಆಯಿತಂತೆ. ಪೇದೆಗೆ ನೆರಳಿರುವ ಕಡೆ ವರ್ಗ. ಮಗಳಿಗೆ ಪರೀಕ್ಷೆ ಇನ್ನೊಮ್ಮೆ. ನನಗೆ ಅಧಿವೇಶನದ ತನಕ ಮಳಿಗೆ. ನಿನಗೆ ಭಾನುವಾರ.