ಗೋರಂಟಿ ಹಚ್ಚಿದ ಪಾದ

೧೯೩೬ ಜನವರಿ ೬, ಸೋಮವಾರ. ಮಂಡ್ಯ

ಬೆಳಿಗ್ಗೆ ಮತ್ತೆ ಪಾದಗಳ ತಪಾಸಣೆ. ನನ್ನ ಟೀಚರ್ಸ್ ಟ್ರೈನಿಂಗ್ ಕ್ಲಾಸಿನ ಇಪ್ಪತ್ತೆರಡು ಹುಡುಗಿಯರು. ಶನಿವಾರ ಬಸರಾಳಿನವರೆಗೆ ನಡೆಸಿದಾಗ ಎಲ್ಲರೂ "ಏನೂ ಆಗಿಲ್ಲ" ಅಂದಿದ್ದರು. ನಂಬಿದೆ. ಇವತ್ತು ಒಬ್ಬಳ ಹಿಮ್ಮಡಿಯಲ್ಲಿ ಕೀವು. ಬೊಬ್ಬೆ ಬಂದವರನ್ನು ಮದ್ದೂರಿನ ಮೇಲೆ ಮಳವಳ್ಳಿಗೆ ಎರಡು ದಿನ ನಡೆಯುವ ರೂಟ್ ಮಾರ್ಚ್‌ಗೆ ಬಿಡುವುದಿಲ್ಲ ಅಂದದ್ದೇ ತಪ್ಪಾಯಿತೇನೋ... ಪೂರ್ತಿ ನಡೆದವರಿಗೇ ಸರ್ಟಿಫಿಕೇಟು. ಯಾರು ನಿಜ ಹೇಳುತ್ತಾರೆ?

ಇನ್ನು ಬಾಯಿಮಾತು ಬೇಡ. ನಾನೇ ನೋಡಬೇಕು.

ಡ್ರಿಲ್ ಟೀಚರ್ ಪದ್ಮಮ್ಮ ನಕ್ಕರು. "ಎಂ.ಎ. ಮಾಡಿದ್ದು ಇದಕ್ಕೇನ್ರೀ? ಕಾವ್ಯ ಓದೋ ಕಣ್ಣಲ್ಲಿ ಹಿಮ್ಮಡಿ ನೋಡ್ತೀರಲ್ಲ."

ಜನವರಿ ೧೬, ಗುರುವಾರ

ಸಂಕ್ರಾಂತಿ ರಜೆ ಮುಗಿಸಿ ಬಂದರು. ಪೂರಿಗಾಲಿಯ ಚಿಕ್ಕನಂಜಮ್ಮನ ಪಾದ ಕೆಂಪು — ಗೋರಂಟಿ. ಎರಡೂ ಅಂಗಾಲಿಗೆ. ಎಡಗಾಲಿಗೆ ಮಾತ್ರ ಗಿಣ್ಣಿನ ಮೇಲಿನವರೆಗೂ.

"ಯಾರ ಮದುವೆಯೇ?" ಅಂದೆ.

"ತಂಪಿಗೆ ಕಣಮ್ಮೋರೆ. ನಮ್ಮವ್ವ ಅಚ್ಚುದ್ಲು. ನಾ ಬ್ಯಾಡ ಅಂದ್ರೂ ಬುಡ್ನಿಲ್ಲ."

ತಂಪಿಗೆ ಗಿಣ್ಣಿನ ಮೇಲೇಕೆ? ಆ ಕೆಂಪಿನಡಿ ಬೊಬ್ಬೆ ಕಾಣುವುದಿಲ್ಲ. ಸೋಪು ಹಾಕಿ ತಿಕ್ಕಿಸಿದೆ. ಹೋಗಲಿಲ್ಲ. ಜಾಣೆ. ಅಥವಾ ಅವಳವ್ವ ಜಾಣೆ.

ಜನವರಿ ೧೮, ಶನಿವಾರ. ಮದ್ದೂರು, ಮಧ್ಯಾಹ್ನ

ಹನ್ನೆರಡು ಮೈಲಿ. ಛತ್ರದ ಜಗಲಿಯಲ್ಲಿ ಸಾಲಾಗಿ ಕೂರಿಸಿದೆ. ಅಯೊಡಿನ್ ತಾಗಿದರೆ ಉಳಿದವರು ಕೂಗುತ್ತಾರೆ, ನನ್ನನ್ನೇ ಬೈಯುತ್ತಾರೆ. ಚಿಕ್ಕನಂಜಮ್ಮ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಎಡಚಪ್ಪಲಿಯಲ್ಲಿ ರಕ್ತ. ಅಂಗಾಲಿನ ಬೊಬ್ಬೆ ಒಡೆದು ಚರ್ಮ ಕಿತ್ತು ಬಂದಿದೆ.

"ನೋವಿಲ್ವೇನೇ?"

"ಇಲ್ಲ ಕಣಮ್ಮೋರೆ. ದೇವ್ರಾಣೆ."

"ಸುಳ್ಳು. ಸಂಜೆ ರೈಲಿಗೆ ಮಂಡ್ಯಕ್ಕೆ ಹೊರಡು."

ಅತ್ತಳು. ನಾಳೆ ಮಳವಳ್ಳಿಗೆ ಅವ್ವ ರೇವಮ್ಮ ಬರುತ್ತಾಳಂತೆ. ಸರ್ಟಿಫಿಕೇಟು ಸಿಗದಿದ್ದರೆ ಓದು ಬಿಡಿಸಿ ಸೋದರಮಾವನಿಗೆ ಕೊಡುತ್ತಾರಂತೆ. "ಸುಳ್ಳೇ ಆಡ್ದೆ ಇರೋಳ್ಗೆ ಯಾಕಮ್ಮ ಈ ಸಿಕ್ಸೆ?"

"ಗಟ್ಟಿಗಿತ್ತಿ ಹುಡುಗಿ, ಬಿಡ್ರೀ," ಅಂದರು ಪದ್ಮಮ್ಮ. "ಎಲ್ಲದಕ್ಕೂ ಅನುಮಾನ ನಿಮಗೆ."

ಹಸಿಗಾಯಕ್ಕೆ ಅಯೊಡಿನ್ ಸುರಿದೆ — ಬೇಕೆಂದೇ ಹೆಚ್ಚು. ಕಾಲು ಅಲುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ಚೆನ್ನಾಗಿ ನಟಿಸುವವಳನ್ನು ಕಂಡಿಲ್ಲ.

ಅದೇ ದಿನ, ನಾಲ್ಕು ಗಂಟೆ

ಊಟಕ್ಕೆ ಕೂತಾಗ ನೆನಪಾಯಿತು. ಹೋದ ತಿಂಗಳು ಡಾಕ್ಟರು ಕ್ಲಾಸಿಗೆ ಬಂದು ಹೇಳಿದ್ದು. ಕುಷ್ಠದ ಮೊದಲ ಗುರುತು — ಬಿಳಿಚಿದ ಮಚ್ಚೆ, ಚುಚ್ಚಿದರೂ ತಿಳಿಯದ ಚರ್ಮ. ಅನ್ನ ಕಲಸುತ್ತಿದ್ದ ಕೈ ನಿಂತಿತು. ಗಿಣ್ಣಿನ ಮೇಲಿನವರೆಗೂ ಗೋರಂಟಿ, ಒಂದೇ ಕಾಲಿಗೆ...

ಕೋಣೆಗೆ ಕರೆದು ಬಾಗಿಲು ಹಾಕಿದೆ. ಹೊಲಿಗೆ ಸೂಜಿ. ಕಣ್ಣು ಮುಚ್ಚಿಕೋ ಅಂದೆ. ಮೊದಲು ಬಲಗಾಲು. ಸರಕ್ಕನೆ ಎಳೆದುಕೊಂಡು ನಕ್ಕಳು.

"ನಾ ಅಳ್ತೀನಾ ಅಂತ ನೋಡ್ತಾ ಇದ್ದೀರಾ? ಇನ್ನೊಂದ್ಕೂ ಚುಚ್ಚಿ. ಅಳಾಕಿಲ್ಲ."

ಎಡಗಾಲು, ಗಿಣ್ಣಿನ ಮೇಲಿನ ಕೆಂಪಿನಲ್ಲಿ. ಒಮ್ಮೆ. ಮತ್ತೊಮ್ಮೆ, ಆಳಕ್ಕೆ. ರಕ್ತದ ಹನಿ ಬಂತು.

ಕಣ್ಣು ಮುಚ್ಚಿಯೇ ಇದ್ದಳು. "ಬಿರ್ನೆ ಚುಚ್ಚಿ ಅಮ್ಮೋರೆ. ಎಷ್ಟೊತ್ತು ಕಾಯಾದು?"

ಒಂದು ಸುಳ್ಳೂ ಹೇಳಿರಲಿಲ್ಲ ಹುಡುಗಿ. ಅವಳವ್ವನಿಗೆ ಗೊತ್ತಿರಬೇಕು. ಇವಳಿಗೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಗೆದ್ದೆ ಅಂದುಕೊಂಡಿದ್ದಾಳೆ — ಜಗಲಿಯಲ್ಲಿ ಹಾಡಿಕೊಂಡು ಚಪ್ಪಲಿ ತೊಳೆಯುತ್ತಿದ್ದಾಳೆ, ನಾಳೆಯ ನಡಿಗೆಗೆ. ರೈಲಿಗೆ ಇನ್ನೊಂದು ಗಂಟೆ. ಈಗ ಹೊರಗೆ ಹೋಗಿ ನಾನು ಅವಳಿಗೆ ಏನೆಂದು ಹೇಳಲಿ...